ಕಡೇ ಬಸ್ಸಿನ ಹಾಡು

ಮೆಲ್ಬರ್ನಿನ ಡ್ಯಾಂಡಿನಾಂಗ್ ಸ್ಟೇಷನ್ನಿಗೆ ಐದು ನಿಮಿಷದ ನಡಿಗೆಯಲ್ಲಿದ್ದ ಆ ಅಂಗಡಿಯಲ್ಲಿ ವೇದಾವತಿ ಕೆಲಸಕ್ಕೆ ಸೇರಿದ್ದು ಅಲ್ಲಿ ಮಾತಾಡುವ ಅಗತ್ಯ ಕಡಿಮೆ ಎಂಬ ಒಂದೇ ಕಾರಣಕ್ಕೆ. ಜನ ಹಳೆಯ ಕ್ಯಾಸೆಟ್ಟು, ವಿಡಿಯೊ ಟೇಪುಗಳನ್ನು ತಂದುಕೊಡುತ್ತಿದ್ದರು. ಅವನ್ನು ಕಂಪ್ಯೂಟರಿಗೆ ಇಳಿಸಿ ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಹಾಕಿ ವಾಪಸು ಕೊಡುವುದು ಅವಳ ಕೆಲಸ. ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಬೇಕು, ಅವಸರ ಮಾಡಿದರೆ ನಡೆಯುವುದಿಲ್ಲ. ಇದು ಅವಳಿಗೆ ಹಿಡಿಸಿತ್ತು. ಲೈಬ್ರರಿ ಸೈನ್ಸಿನಲ್ಲಿ ಮಾಸ್ಟರ್ಸ್ ಮುಗಿಸಿ ವರ್ಷವಾಗಿತ್ತು. ಅಲ್ಲೇ ನೆಲೆಸಲು ಹಾಕಿದ ಪಿಆರ್ ಅರ್ಜಿ ಎಲ್ಲೋ ಸಾಲಿನಲ್ಲಿ ನಿಂತಿತ್ತು. ಹೆಡ್‌ಫೋನ್ ಹಾಕಿಕೊಂಡು ಬೇರೆಯವರ ಮನೆಯ ಬರ್ತ್‌ಡೇ, ಬೇರೆಯವರ ಮನೆಯ ಜಗಳ ಕೇಳುತ್ತ ಕೂತರೆ ದಿನ ಕಳೆಯುತ್ತಿತ್ತು. ಸಂಜೆ ರೂಮಿಗೆ ಹೋಗಿ ಡೈರಿಯಲ್ಲಿ ನಾಲ್ಕು ಸಾಲು ಬರೆದರೆ ಅವತ್ತಿನ ಮಾತಿನ ಬಾಬ್ತು ಮುಗಿದಂತೆ.

ಮಾರ್ಚ್ ತಿಂಗಳ ಒಂದು ಗುರುವಾರ ಜೊವಾನಿಟಾ ಎಂಬ ನಲವತ್ತರ ಹೆಂಗಸು ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ಕೌಂಟರಿನ ಮೇಲಿಟ್ಟಳು. ಒಳಗೆ ಮೂರು ಆಡಿಯೊ ಕ್ಯಾಸೆಟ್ಟುಗಳಿದ್ದವು. ಇಂಗ್ಲಿಷಿನಲ್ಲಿ ವಿವರ ಹೇಳುತ್ತಿದ್ದವಳು, ವೇದಾವತಿ ಚೀಟಿಯ ಮೂಲೆಯಲ್ಲಿ ತನಗಾಗಿ ಗೀಚಿಕೊಂಡ ಎರಡು ಪದ ನೋಡಿ ನಿಂತಳು.

"ಕನ್ನಡವಾ? ಮೊದಲೇ ಹೇಳಬಾರದಾ ಮಾರಾಯ್ತಿ. ನಾನು ಇಷ್ಟು ಹೊತ್ತು ಸುಮ್ಮನೆ ಒದ್ದಾಡಿದ್ದು."

ಕ್ಯಾಸೆಟ್ಟುಗಳು ಅವಳ ಅಪ್ಪ ವಿಲ್ಫಿಯವರದು. ಮಂಗಳೂರಿನ ಸುತ್ತಮುತ್ತ ಎರಡು ದಶಕ ಮದುವೆ ರಿಸೆಪ್ಶನ್ನುಗಳಲ್ಲಿ ಹಾಡಿದ 'ವಿಲ್ಫಿ ಆ್ಯಂಡ್ ಹಿಸ್ ವ್ಯಾಗನ್ಸ್' ಎಂಬ ಬ್ಯಾಂಡಿನ ಯಜಮಾನರು ಅವರು. ಹಾಡುತ್ತಿದ್ದದ್ದು ಕಂಟ್ರಿ ಮ್ಯೂಸಿಕ್. ಗಿಟಾರು, ಮೌತ್ ಆರ್ಗನ್, ಅಗಲ ಅಂಚಿನ ಹ್ಯಾಟು, ಮನೆ ಬಿಟ್ಟು ಹೋದ ಗಂಡಸಿನ ದುಃಖ. ಅಮೆರಿಕದ ಹಳ್ಳಿಗಾಡಿನ ಈ ಸಂಗೀತಕ್ಕೆ ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ ಮನೆಗಳಲ್ಲಿ ಎಷ್ಟು ನಡೆದುಕೊಳ್ಳುವವರಿದ್ದಾರೆ ಎಂಬುದು ಹಿರಿಯೂರಿನಿಂದ ಬಂದ ವೇದಾವತಿಗೆ ಗೊತ್ತಿರಲಿಲ್ಲ. ವಿಲ್ಫಿ ಅದಕ್ಕೆ ಕೊಂಕಣಿ ಮಾತು ಕೂರಿಸಿದ್ದರು. ಅವರು ಮೊದಲ ಸಲ ಸ್ಟೇಜು ಹತ್ತಿ ಈ ವರ್ಷಕ್ಕೆ ಐವತ್ತು. ಸೆಪ್ಟೆಂಬರಿನಲ್ಲಿ, ಹೊಸ ತೆನೆಯ ಮೋಂತಿ ಹಬ್ಬದ ದಿನ ಮೆಲ್ಬರ್ನಿನ ಸಂಘದವರು ಆಯ್ದ ಹನ್ನೆರಡು ಹಾಡುಗಳ ಸಿಡಿಯೊಂದನ್ನು ಬಿಡುಗಡೆ ಮಾಡುವವರಿದ್ದರು, ಜೊತೆಗೊಂದು ಕಿರುಪುಸ್ತಕ. ಅವರ ಹಿರಿಯರು ಕೊಂಕಣಿಯನ್ನೂ ಕನ್ನಡ ಲಿಪಿಯಲ್ಲೇ ಓದುವವರಾದ್ದರಿಂದ, ಸದ್ದು ತೊಳೆದು ಕೊಡುವವಳೇ ನಾಲ್ಕು ಪುಟ ಕನ್ನಡದಲ್ಲಿ ಬರೆದೂ ಕೊಟ್ಟರೆ ಆಯಿತಲ್ಲ ಎಂದು ಜೊವಾನಿಟಾ ನಿಂತ ನಿಲುವಿನಲ್ಲೇ ತೀರ್ಮಾನಿಸಿದಳು. ಇಲ್ಲ ಎನ್ನಲು ಬೇಕಾದಷ್ಟು ಮಾತು ವೇದಾವತಿಯ ಬಳಿ ಇರಲಿಲ್ಲ.

ಅವಳಿಗೆ ಕೊಂಕಣಿ ಬಾರದು. ಹಾಡುಗಳ ಅರ್ಥವನ್ನು ಜೊವಾನಿಟಾ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಳು. ಆದರೆ ಮಾತು ತಿಳಿಯದೆ ಕೇಳಿದ್ದರಿಂದ ವೇದಾವತಿಯ ಕಿವಿ ಮಾತಿನ ನಡುವಿನ ಜಾಗಗಳಲ್ಲಿ ನಿಂತಿತು. ಮೊದಲ ಕ್ಯಾಸೆಟ್ಟು 1984ರದು. ಹಡಗಿನಿಂದ ರಜೆಗೆ ಬಂದವರ ರೆಕಾರ್ಡು ಕೇಳಿ ಕಲಿತ ಗಂಟಲು. ಹಾಡು ಮೂಗಿನಿಂದ ಬರುತ್ತಿತ್ತು, ಕೊಂಕಣಿಯೂ ಮೂಗಿನಿಂದಲೇ. ಅದರಲ್ಲಿ ಕುದುರೆಗಳಿದ್ದವು, ಮರಳುಗಾಡಿತ್ತು. 1989ರ ಹೊತ್ತಿಗೆ ಕುದುರೆಗಳು ಹೋಗಿ ಗೂಡ್ಸ್ ರೈಲು ಬಂದಿತ್ತು. ನೇತ್ರಾವತಿ ಸೇತುವೆಯ ಮೇಲೆ ರೈಲು ನಿಂತುಬಿಟ್ಟ ರಾತ್ರಿಯ ಮೇಲೊಂದು ಹಾಡು, ಶಾರ್ಜಾದಿಂದ ಒಂದೇ ದಿನ ಬಂದ ಎರಡು ಕಾಗದಗಳ ಮೇಲೊಂದು, ಕಣ್ಣು ಮಂಜಾಗುತ್ತಿದ್ದ ಸೆರಾಫಿನ್ ಎಂಬ ಟೈಪಿಸ್ಟನ ಮೇಲೊಂದು. ದನಿ ಮೂಗಿನಿಂದ ಎದೆಗೆ ಇಳಿದಿತ್ತು. 1995ರ ಕ್ಯಾಸೆಟ್ಟಿನಲ್ಲಿ ಅವರು ಹಾಡುವುದಕ್ಕಿಂತ ಹೆಚ್ಚಾಗಿ ಕಾಯುತ್ತಿದ್ದರು. ಸಾಲಿನ ಅರ್ಧಕ್ಕೆ ನಿಂತು, ಗಿಟಾರನ್ನು ಎರಡು ಹೆಜ್ಜೆ ಮುಂದೆ ಹೋಗಲು ಬಿಟ್ಟು, ಆಮೇಲೆ ತಾವು ಹೊರಡುವುದು. ಕಷ್ಟದ ಸಾಲಿಗೆ ಮುಂಚೆ ಬಾಯಿಂದ ಉಸಿರು ತೆಗೆದುಕೊಳ್ಳುತ್ತಾರೆ, ಸಲೀಸಾದುದಕ್ಕೆ ಮೂಗಿನಿಂದ. ಇದನ್ನು ಅವರಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ.

ಡೈರಿಯಲ್ಲಿ ಬರೆದಳು: ಮೊದಲನೆಯದರಲ್ಲಿ ಬೇರೆಯವರ ಹಾಗೆ ಹಾಡಲು ನೋಡಿದ್ದಾರೆ. ಎರಡನೆಯದರಲ್ಲಿ ತಮ್ಮ ಹಾಗೆ. ಮೂರನೆಯದರಲ್ಲಿ ಹಾಡಲು ನೋಡುತ್ತಲೇ ಇಲ್ಲ.

ಮೂರು ಕ್ಯಾಸೆಟ್ಟುಗಳಿಂದ ಹನ್ನೊಂದು ಹಾಡು ಆರಿಸಿ, ಹನ್ನೆರಡನೆಯದಕ್ಕೆ ಎರಡು ಹೆಸರು ಬದಿಗಿಟ್ಟುಕೊಂಡು, ಒಂದು ಭಾನುವಾರ ಕ್ಲೈಡ್ ನಾರ್ತಿನ ಅವರ ಮನೆಗೆ ಹೋದಳು. ಹೊಸ ಬಡಾವಣೆ, ಬೀದಿಯ ಗಿಡಗಳನ್ನು ಇನ್ನೂ ಗೂಟಕ್ಕೆ ಕಟ್ಟಿದ್ದರು. ವಿಲ್ಫಿ ಅಂಕಲ್ ಬಾಗಿಲಲ್ಲೇ ನಿಂತಿದ್ದರು. ಎಪ್ಪತ್ತೆರಡು ವರ್ಷ, ಎತ್ತರದ ಆಳು, ಕೊರಳಿಗೆ ಬಿಳಿಯ ಬಟ್ಟೆಯ ತುಂಡು. ಮೂರು ವರ್ಷದ ಹಿಂದೆ ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದಿದ್ದರು ಎಂದು ಜೊವಾನಿಟಾ ಫೋನಿನಲ್ಲಿ ಹೇಳಿದ್ದಳು. ಕೊರಳಿಗೊತ್ತಿ ಮಾತಾಡುವ ಯಂತ್ರವೊಂದನ್ನು ಆಸ್ಪತ್ರೆಯವರು ಕೊಟ್ಟಿದ್ದರು. ಅದರ ದನಿ ಡಬ್ಬಿಯೊಳಗಿನ ದುಂಬಿಯ ಹಾಗೆ ಒಂದೇ ಶ್ರುತಿಯಲ್ಲಿ ಇರುತ್ತದೆಂದು ಅವರು ಅದನ್ನು ಡ್ರಾಯರಿಗೆ ಹಾಕಿ, ಮೊಮ್ಮಗಳ ಮ್ಯಾಜಿಕ್ ಸ್ಲೇಟು ಹಿಡಿದಿದ್ದರು. ಬರೆದು, ಪಕ್ಕದ ಹಿಡಿಕೆ ಎಳೆದರೆ ಅಳಿಸಿಹೋಗುತ್ತದೆ.

ಹನ್ನೊಂದು ಹಾಡನ್ನೂ ಕಣ್ಣು ಮುಚ್ಚಿ ಕೇಳಿದರು. ಮೂರನೆಯದನ್ನೂ ಏಳನೆಯದನ್ನೂ ಅದಲುಬದಲು ಮಾಡಿಸಿದರು. ಹನ್ನೆರಡನೆಯದಕ್ಕೆ ವೇದಾವತಿ ಎರಡು ಹೆಸರು ಹೇಳಿದಾಗ ತಲೆಯಲ್ಲಾಡಿಸಿ ಸ್ಲೇಟಿನಲ್ಲಿ ಬರೆದರು: ಕಡೇ ಬಸ್ಸು.

ಜೊವಾನಿಟಾ ಅಡುಗೆಮನೆಯಿಂದ ಬಂದು ವಿವರಿಸಬೇಕಾಯಿತು. ಅದು ಅವರೇ ಕಟ್ಟಿದ ಹಾಡು. ರಿಸೆಪ್ಶನ್ನಿನಲ್ಲಿ ಎಲ್ಲ ಮುಗಿದ ಮೇಲೆ, ಕುರ್ಚಿ ಮಡಿಸುವ ಹೊತ್ತಿನಲ್ಲಿ ಹಾಡುತ್ತಿದ್ದದ್ದು. ಕಡೇ ಬಸ್ಸು ಹೊರಡುತ್ತಿದೆ, ಹೋಗುವವರು ಹೋಗಿ, ನನಗೇನು ಅವಸರವಿಲ್ಲ, ನನ್ನ ಮನೆಯಲ್ಲಿ ಬಾಗಿಲಿಗೆ ಅಗಳಿ ಹಾಕದೆ ಒಬ್ಬಳು ಕೂತಿದ್ದಾಳೆ ಎಂಬುದು ಅದರ ಅರ್ಥ. ಬಸ್ಸು ಯಾವ ಊರಿಗೆ ಎಂಬುದನ್ನು ಪ್ರತಿ ಮದುವೆಯಲ್ಲೂ ಬಂದ ನೆಂಟರನ್ನು ನೋಡಿ ಬದಲಿಸುತ್ತಿದ್ದರಂತೆ. ನಡುವೆ ಕಂಡಕ್ಟರನ ಸೀಟಿಯನ್ನು ಬಾಯಲ್ಲೇ ಊದುತ್ತಿದ್ದರು. ಮಂಗಳೂರಿನ ಸ್ಟುಡಿಯೊದವನು, ಮದುವೆ ಸೀಸನ್ನಿನಲ್ಲಿ ಇಂಥ ಜೋಲು ಹಾಡು ಯಾರು ತಗೊಳ್ತಾರೆ ಎಂದು ರೆಕಾರ್ಡು ಮಾಡಲಿಲ್ಲ. ನಾಲ್ಕನೆಯ ಕ್ಯಾಸೆಟ್ಟು ಬರುವ ಮೊದಲೇ ಮದುವೆಗಳಿಗೆ ಡಿಜೆ ಬಂದ. ಆಮೇಲೆ ವಿಲ್ಫಿ ಅಂಕಲ್ ಅವರ ಹೆಂಡತಿ ತೀರಿಕೊಂಡರು; ಅಗಳಿ ಹಾಕದೆ ಕೂರುತ್ತಿದ್ದವರು ಅವರೇ.

ಬೇಕಾದರೆ ತಾನು ಹಾಡಿ ರೆಕಾರ್ಡು ಮಾಡುತ್ತೇನೆ, ಅಂಕಲ್ ಸ್ಲೇಟಿನಲ್ಲಿ ಸರಿಮಾಡಲಿ ಎಂದು ಜೊವಾನಿಟಾಳ ಗಂಡ ಡ್ಯಾರಿಲ್ ಹೇಳಿದ. ಸಂಘದ ಕಾರ್ಯಕ್ರಮಗಳಲ್ಲಿ ಹಾಡಿ ಚಪ್ಪಾಳೆ ತೆಗೆದುಕೊಳ್ಳುವವನು. ಮಾವ ಅವನನ್ನು ಸ್ವಲ್ಪ ಹೊತ್ತು ನೋಡಿ ಬರೆದರು: ಅದಿಲ್ಲದೆ ಸಿಡಿ ಬೇಡ. ಅವನು ಓದಿದ್ದಾನೆಂದು ಖಾತ್ರಿ ಮಾಡಿಕೊಂಡು ಹಿಡಿಕೆ ಎಳೆದರು. ವೇದಾವತಿಯ ಕಡೆ ತಿರುಗಿ, ನಿಧಾನವಾಗಿ, ದೊಡ್ಡ ಅಕ್ಷರದಲ್ಲಿ ಇನ್ನೊಂದು ಬರೆದರು: ಸೀಟಿ ಊದಿದಾಗ ಒಬ್ಬನಾದರೂ ಏಳಬೇಕು. ಎದ್ದರೆ ಹಾಡು ಆಯಿತು.

ಹಾಗಾಗಿ ಆ ಹಾಡು ಹುಡುಕುವುದೇ ಕೆಲಸವಾಯಿತು. ಅದು ಇದ್ದರೆ ಮದುವೆಯ ವಿಡಿಯೊಗಳಲ್ಲಿ ಇರಬೇಕು. ಜೊವಾನಿಟಾ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ ಮೇಲೆ ಎರಡು ವಾರದಲ್ಲಿ ಹತ್ತೊಂಬತ್ತು ಟೇಪು ಅಂಗಡಿಗೆ ಬಂದವು. ಎಲ್ಲವೂ ವಿಲ್ಫಿ ಹಾಡಿದ ಮದುವೆಗಳೇ. ವೇದಾವತಿ ಮೊದಲನೆಯದನ್ನು ಹಾಕಿದಳು. ಬಿಳಿ ಹ್ಯಾಟಿನ ವಿಲ್ಫಿ ಸ್ಟೇಜಿನ ಮೇಲೆ ಕಣ್ಣು ಮುಚ್ಚಿ ಬಾಯಿ ತೆರೆದರು. ಕೇಳಿಸಿದ್ದು ಹಿಂದಿ ಸಿನಿಮಾ ಹಾಡು. ಎರಡನೆಯದರಲ್ಲಿ ಕನ್ನಡ ಸಿನಿಮಾ ಹಾಡು. ಮೂರನೆಯದರಲ್ಲಿ ಪಿಯಾನೊ, ಮೇಲೆ ಪಾರಿವಾಳ ಹಾರುವ ಗ್ರಾಫಿಕ್ಸು.

ಆ ಕಾಲದಲ್ಲಿ ಎಲ್ಲ ವಿಡಿಯೊದವರೂ ಮದುವೆಯ ನಿಜವಾದ ಸದ್ದನ್ನು ಒರೆಸಿ ಅದರ ಮೇಲೆ ಬೇರೆ ಹಾಡು ಕೂರಿಸುತ್ತಿದ್ದರು. ಅದಕ್ಕೆ ಮಿಕ್ಸಿಂಗ್ ಎಂದು ಹೆಸರು. ಮನೆಯವರು ಸ್ಟುಡಿಯೊಗೆ ಹೋಗಿ ಕೂತು, ತಾಳಿಗೆ ಯಾವುದು ಕೇಕಿಗೆ ಯಾವುದು ಎಂದು ಹಾಡು ಆರಿಸಬೇಕು. ಮಿಕ್ಸಿಂಗ್ ಇಲ್ಲದ ವಿಡಿಯೊ ಎಂದರೆ ಹೊಲಿಯದ ಬಟ್ಟೆ ಇದ್ದ ಹಾಗೆ. ಟೇಪು ವಾಪಸು ಪಡೆಯಲು ಬಂದ ಒಬ್ಬರು, ತಮ್ಮ ಮಿಕ್ಸಿಂಗ್ ಬೊಂಬಾಯಿಯಲ್ಲೇ ಮಾಡಿಸಿದ್ದು, ಗಲಾಟೆ ಒಂಚೂರೂ ಕೇಳಿಸುವುದಿಲ್ಲ ನೋಡಿ ಎಂದು ಹೆಮ್ಮೆಯಿಂದ ಹೇಳಿ ಹೋದರು. ಆ ಗಲಾಟೆಯಲ್ಲೇ ವಿಲ್ಫಿ ಇದ್ದರು.

ಹತ್ತೊಂಬತ್ತರಲ್ಲಿ ಹತ್ತೊಂಬತ್ತೂ ಹಾಗೇ. ಒಂದು ಶನಿವಾರ ಜೊವಾನಿಟಾ ಅಪ್ಪನನ್ನು ಅಂಗಡಿಗೆ ಕರೆತಂದಳು. ವೇದಾವತಿ ತೋರಿಸಬಾರದು ಎಂದುಕೊಂಡಿದ್ದಳು, ಅವರೇ ಪರದೆಯ ಕಡೆ ಬೆರಳು ಮಾಡಿದರು. ಇಪ್ಪತ್ತು ನಿಮಿಷ ನೋಡಿದರು. ಪರದೆಯಲ್ಲಿ ತುಟಿ ಅಲ್ಲಾಡುವಾಗ ಒಂದು ಕಡೆ ಅವರ ತುಟಿಯೂ ಅಲ್ಲಾಡಿ, ಎರಡೂ ಕೂಡಿ ಬಂದವು. ಕೇಳಿಸುತ್ತಿದ್ದದ್ದು ಬೇರೆ ಯಾರದೋ ಪ್ರೇಮಗೀತೆ. ಮುಗಿದ ಮೇಲೆ ಸ್ಲೇಟು ತೆಗೆದುಕೊಂಡರು: ಆಗಲೂ ಹೀಗೇ. ಅವರ ಮುಖದಲ್ಲಿ ಬೇಸರವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದಂತಿತ್ತು. ವೇದಾವತಿ ಅವತ್ತಿನ ಡೈರಿಯಲ್ಲಿ ಆ ಎರಡು ಪದ ಬಿಟ್ಟು ಬೇರೇನೂ ಬರೆಯಲಿಲ್ಲ.

ಮುಂದಿನ ಭಾನುವಾರ ಕ್ಲೈಡ್ ನಾರ್ತಿನಲ್ಲಿ, ಸಿಡಿ ಕೈಬಿಡುವುದೇ ಎಂಬ ಮಾತು ನಡೆದಿದ್ದಾಗ ಡ್ಯಾರಿಲ್ ಬಾಯಿಬಿಟ್ಟ.

"ಮಿಕ್ಸಿಂಗ್ ಆಗದ ಒಂದು ಮದುವೆ ಉಂಟಲ್ಲ."

"ಡ್ಯಾರಿಲ್, ನೀನು ಸುಮ್ಮನಿರು," ಎಂದಳು ಜೊವಾನಿಟಾ.

ಸುಮ್ಮನಿದ್ದದ್ದು ವಿಲ್ಫಿ ಅಂಕಲ್ ಒಬ್ಬರೇ. ಆ ಮದುವೆ ಇನೇಜ್ ಎಂಬವಳದು, ಜೊವಾನಿಟಾಳ ದೊಡ್ಡಮ್ಮನ ಮಗಳು, 1998ರಲ್ಲಿ ಕಿನ್ನಿಗೋಳಿಯಲ್ಲಿ ಆದದ್ದು. ಮಿಕ್ಸಿಂಗಿಗೆ ಸರದಿ ಬರಲು ಎರಡು ತಿಂಗಳು ಹಿಡಿಯುತ್ತಿತ್ತು. ಅಷ್ಟರೊಳಗೆ, ನಲವತ್ತನೆಯ ದಿನ, ಇನೇಜ್ ಸೂಟ್‌ಕೇಸು ಹಿಡಿದು ತವರಿಗೆ ವಾಪಸು ಬಂದಿದ್ದಳು. ಗಂಡನಿಗೆ ಮಸ್ಕತ್ತಿನಲ್ಲಿ ಮೊದಲೇ ಸಂಸಾರವಿತ್ತು. ಸ್ಟುಡಿಯೊಗೆ ಹಾಡು ಆರಿಸಲು ಯಾರೂ ಹೋಗಲಿಲ್ಲ. ವಿಡಿಯೊದವನು ಕಾದು ಕಾದು, ಟೇಪನ್ನು ತೆಗೆದದ್ದು ತೆಗೆದ ಹಾಗೇ ಮನೆಗೆ ಕಳಿಸಿಕೊಟ್ಟ. ಇನೇಜ್ ಈಗ ಸಿಡ್ನಿಯಲ್ಲಿದ್ದಾಳೆ. ಆ ಮದುವೆಯ ಮಾತನ್ನು ಅವಳ ಮುಂದೆ ಯಾರೂ ಎತ್ತುವುದಿಲ್ಲ. ಹಾಗೆಂದು ಯಾರೂ ಯಾರಿಗೂ ಹೇಳಿದ್ದಲ್ಲ, ಎತ್ತುವುದಿಲ್ಲ ಅಷ್ಟೆ.

ಮೂವರೂ ವೇದಾವತಿಯ ಕಡೆ ನೋಡಿದರು.

"ನಾವು ಕೇಳಿದರೆ ಅದು ಬೇರೆ ಆಗ್ತದೆ," ಎಂದಳು ಜೊವಾನಿಟಾ. "ನೀನು ನಮ್ಮ ಪೈಕಿ ಅಲ್ಲವಲ್ಲ. ನೀನು ಕೇಳಬಹುದು."

ಊರಿನಲ್ಲಿ ಪಕ್ಕದ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ಕೇಳಲೂ ತಂಗಿಯನ್ನು ಕಳಿಸುತ್ತಿದ್ದವಳು ವೇದಾವತಿ. ಫೋನು ಮಾಡಲು ಮೂರು ದಿನ ನೋಡಿದಳು, ಆಗಲಿಲ್ಲ. ನಾಲ್ಕನೆಯ ದಿನ ಕಾಗದ ಬರೆದಳು. ತಾನು ಯಾರು, ವಿಲ್ಫಿ ಅಂಕಲ್‌ಗೆ ಏನಾಗಿದೆ, ಯಾವ ಹಾಡು ಬೇಕು, ಅದು ಎಲ್ಲಿ ಮಾತ್ರ ಇರಬಹುದು. ಮದುವೆ ಎಂಬ ಪದವನ್ನು ಮೊದಲು ಬಿಟ್ಟು, ಆಮೇಲೆ ಅದು ಮೋಸವೆನ್ನಿಸಿ ಸೇರಿಸಿದಳು. ಹದಿನಾರು ದಿನ ಏನೂ ಬರಲಿಲ್ಲ. ಹದಿನೇಳನೆಯ ದಿನ ಮೆಸೇಜು ಬಂತು: ಟೇಪು ಪೋಸ್ಟಿನಲ್ಲಿ ಕಳಿಸುವುದಿಲ್ಲ. ಭಾನುವಾರ ಹನ್ನೊಂದಕ್ಕೆ ಬಾ. ಮೆಷಿನ್ ನೀನೇ ತಾ.

ಅಂಗಡಿಯ ಹಳೆಯ ವಿಸಿಆರ್ ಅನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬ್ಯಾಕ್‌ಪ್ಯಾಕಿಗೆ ತುರುಕಿಕೊಂಡು ಅವಳು ಬೆಳಗಿನ ವಿಮಾನ ಹತ್ತಿದಳು. ಸೆಕ್ಯುರಿಟಿಯ ಹುಡುಗ ಅದನ್ನು ಹೊರಗೆ ತೆಗೆಸಿ, ಇದು ಏನು ಎಂದು ತನಗಿಂತ ಹಿರಿಯ ಒಬ್ಬನನ್ನು ಕರೆದು ಕೇಳಿದ. ಸಿಡ್ನಿ ಸೆಂಟ್ರಲಿನಿಂದ ಮೆಟ್ರೊದಲ್ಲಿ ಕೆಲ್ಲಿವಿಲ್‌ಗೆ ಹೋಗುವಷ್ಟು ಹೊತ್ತೂ ತೊಡೆಯ ಮೇಲೆ ಆ ಭಾರವಿಟ್ಟುಕೊಂಡು, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದಳು.

ಬಾಗಿಲು ತೆಗೆದ ಇನೇಜ್‌ಗೆ ಐವತ್ತೊಂದು. ಗಿಡ್ಡ ಕತ್ತರಿಸಿದ ಕೂದಲು, ಕೆಲಸದ ಶೂಸು. ವೃದ್ಧರ ಆರೈಕೆಯ ಮನೆಯೊಂದರಲ್ಲಿ ನರ್ಸುಗಳ ಮೇಲ್ವಿಚಾರಣೆ ಅವಳದು. ಫ್ರಿಜ್ಜಿನ ಮೇಲೆ ರೋಸ್ಟರು ಅಂಟಿಸಿತ್ತು. ಒಬ್ಬಳೇ ಇದ್ದ ಮನೆ, ಚೊಕ್ಕವಾಗಿತ್ತು. ಚಹಾ ಕೊಟ್ಟು ಎದುರಿಗೆ ಕೂತವಳು ಮೊದಲು ಕೇಳಿದ್ದು, ಜೊವಾನಿಟಾ ಯಾಕೆ ಬರಲಿಲ್ಲ ಎಂದು. ಜೋಡಿಸಿಟ್ಟುಕೊಂಡ ಮಾತೆಲ್ಲ ಮರೆತು ವೇದಾವತಿ ನಿಜವನ್ನೇ ಹೇಳಿದಳು, ಅವರಿಗೆ ಕೇಳಲು ಆಗುವುದಿಲ್ಲವಂತೆ.

ಇನೇಜ್ ತಲೆಯಾಡಿಸಿದಳು. "ಇಪ್ಪತ್ತೇಳು ವರ್ಷದಿಂದ ನಮ್ಮವರು ನನ್ನ ಹತ್ತಿರ ಹವಾಮಾನ ಮಾತಾಡೂದು. ಸಿಡ್ನಿಯಲ್ಲಿ ಇವತ್ತು ಎಷ್ಟು ಡಿಗ್ರಿ ಅಂತ ಅರ್ಧ ಮಂಗಳೂರಿಗೆ ಗೊತ್ತುಂಟು."

ಟೇಪು ಗರಾಜಿನಲ್ಲಿ ಒಂದು ಫೈಲಿನೊಳಗಿತ್ತು. ಆ ಮದುವೆ ಮದುವೆಯೇ ಆಗಿರಲಿಲ್ಲ ಎಂದು ಘೋಷಿಸಲು ಚರ್ಚಿನ ನ್ಯಾಯಮಂಡಳಿ ಆರು ವರ್ಷ ತೆಗೆದುಕೊಂಡಿತ್ತು. ಸಾಕ್ಷಿಗೆ ಬೇಕಾದೀತು, ಎಸೆಯಬೇಡ ಎಂದು ಯಾರೋ ಹೇಳಿದ್ದಕ್ಕೆ ಇಟ್ಟುಕೊಂಡದ್ದು. ಯಾರೂ ಕೇಳಲಿಲ್ಲ, ಅವಳೂ ಹಾಕಿ ನೋಡಲಿಲ್ಲ. ಈಗಲೂ ನೋಡುವುದಿಲ್ಲ, ಕೇಳುವುದು ಮಾತ್ರ ಎಂಬುದು ಅವಳ ಷರತ್ತು. ವೇದಾವತಿ ಬ್ಯಾಗು ತೆರೆದು ತೋರಿಸಿದಳು. ಸದ್ದನ್ನು ಲ್ಯಾಪ್‌ಟಾಪಿಗೆ ಇಳಿಸುವ ತಂತಿ ಮಾತ್ರ ತಂದಿದ್ದಳು, ಚಿತ್ರದ್ದನ್ನು ಬೇಕೆಂದೇ ಬಿಟ್ಟು ಬಂದಿದ್ದಳು.

ಚಿತ್ರವಿಲ್ಲದೆ ಮೂರು ಗಂಟೆಯ ಟೇಪಿನಲ್ಲಿ ಒಂದು ಹಾಡು ಹುಡುಕುವುದೆಂದರೆ ಕತ್ತಲೆಯ ಹಾಲಿನಲ್ಲಿ ನಡೆದ ಹಾಗೆ. ಓಡಿಸಿ ನಿಲ್ಲಿಸಿ ಕೇಳಿದರು. ಗ್ಲಾಸುಗಳು ತಾಗಿದ ಸದ್ದು. ವಧೂವರರಿಗೆ ಶುಭ ಕೋರುವವನ ಜೋಕು, ಅದಕ್ಕೆ ತಡವಾಗಿ ನಗುವ ಹಿಂದಿನ ಸಾಲು. ಮಗುವಿನ ಅಳು. ಯಾರೋ ಗಂಡಸು ಮೈಕಿನ ಹತ್ತಿರವೇ, ಐಸ್‌ಕ್ರೀಮು ಎಷ್ಟು ಉಳಿದಿದೆ ಎಂದು ಕೇಳಿದರು. "ಪಪ್ಪ," ಎಂದಳು ಇನೇಜ್. ಅವರು ತೀರಿಕೊಂಡು ಎಷ್ಟೋ ವರ್ಷವಾಗಿದ್ದೀತು. ಒಂದೂ ಮುಕ್ಕಾಲು ಗಂಟೆ ಹುಡುಕಿದ ಮೇಲೆ ಗಿಟಾರು ಶುರುವಾಯಿತು.

ವೇದಾವತಿಗೆ ಉಸಿರಿನಿಂದಲೇ ತಿಳಿಯಿತು. ಮೊದಲ ಸಾಲಿಗೆ ಅವರು ಬಾಯಿಂದ ಉಸಿರು ತೆಗೆದುಕೊಂಡಿದ್ದರು.

ಮೂರು ಕ್ಯಾಸೆಟ್ಟಿನಲ್ಲೂ ಇಲ್ಲದ ದನಿ ಅದು. ನಾಲ್ಕು ಗಂಟೆ ಹಾಡಿ ದಣಿದ ಗಂಟಲು, ಅಂಚು ಸವೆದಿತ್ತು. ಯಾರನ್ನೂ ಮೆಚ್ಚಿಸುವ ಉಮೇದು ಉಳಿದಿರಲಿಲ್ಲ. ಹಿಂದೆ ತಟ್ಟೆಗಳು ಒಂದರ ಮೇಲೊಂದು ಕೂರುತ್ತಿದ್ದವು. ಎರಡನೆಯ ಚರಣ ಮುಗಿಯುವಲ್ಲಿ, ಕಡೇ ಬಸ್ಸು ಮೂಡುಬಿದಿರೆಗೆ ಎಂದು ಹೇಳಿ, ಸೀಟಿ ಊದಿದರು. ಬಾಯಿಂದ ಬಂದದ್ದೆಂದು ನಂಬಲಾಗದಂಥ ಸೀಟಿ. ತಕ್ಷಣ ಒಂದು ಕುರ್ಚಿ ನೆಲಕ್ಕೆ ಕೆರೆದುಕೊಂಡು ಹಿಂದಕ್ಕೆ ಸರಿಯಿತು. ಅದರ ಬೆನ್ನಿಗೇ ಒಂದು ನಗು. ಹುಡುಗಿಯದು, ಮೈಕಿಗೆ ತೀರ ಹತ್ತಿರದ್ದು, ತಡೆಯಲು ಹೋಗಿ ತಪ್ಪಿಸಿಕೊಂಡದ್ದು, ಕೊನೆಗೆ ಬಿಕ್ಕಳಿಕೆಯ ಹಾಗೆ ಒಮ್ಮೆ ಕಿಸಕ್ಕೆಂದಿತು. ಹಾಡು ಅದರ ಕೆಳಗೆ ನಡೆದೇ ಇತ್ತು.

"ಯಾರದು?" ಎಂದಳು ಇನೇಜ್.

ಇನೇಜ್ ತಾನೇ ಕೈಚಾಚಿ ಹಿಂದಕ್ಕೆ ಓಡಿಸಿ ಮತ್ತೆ ಕೇಳಿದಳು. ಮೂರನೆಯ ಸಲಕ್ಕೆ ಮಾತು ಬಂತು.

"ಮೂಡುಬಿದಿರೆಯ ಲಾದ್ರು ಅಂಕಲ್ ಎದ್ದದ್ದು. ಬಸ್ ಬಂತು ಅಂತ ನಿಜಕ್ಕೂ ಎದ್ದು ಹೊರಟರು, ಪಾಪ. ಕೈಯಲ್ಲಿ ಐಸ್‌ಕ್ರೀಮಿನ ಪ್ಲೇಟು." ಆಮೇಲೆ, ಗೋಡೆಯ ಕಡೆ ನೋಡುತ್ತ, "ನಾನು ನಕ್ಕದ್ದು ನನಗೆ ನೆನಪೇ ಇಲ್ಲ. ಆ ದಿನವಿಡೀ ಅತ್ತದ್ದು ಅಂತಲೇ ನಾನು ಹೇಳಿಕೊಂಡು ಬಂದದ್ದು. ಚರ್ಚಿಗೂ ಹಾಗೇ ಬರೆದುಕೊಟ್ಟಿದ್ದೇನೆ. ಸುಳ್ಳಲ್ಲ ಅದು. ಬೆಳಿಗ್ಗೆ ಅತ್ತಿದ್ದೆ."

ಇದನ್ನು ತೆಗೆಯಬಹುದಾ ಎಂದು ಕೇಳಿದಳು. ವೇದಾವತಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಗು ಇರುವುದು ಆರು ಸೆಕೆಂಡು. ತೆಗೆದರೆ ಅದರ ಕೆಳಗಿರುವ ಹಾಡಿನ ಸಾಲೂ ಹೋಗುತ್ತದೆ. ಕಂಪ್ಯೂಟರಿನಲ್ಲಿ ತಗ್ಗಿಸಬಹುದು, ಆದರೆ ಅಂಕಲ್ ದನಿ ತಗಡಿನ ಹಾಗಾಗುತ್ತದೆ. ಬೇಡವೆಂದರೆ ಟೇಪು ಇಲ್ಲೇ ಬಿಟ್ಟು ಹೋಗುತ್ತೇನೆ, ಇಳಿಸಿಕೊಂಡದ್ದನ್ನೂ ನಿಮ್ಮ ಎದುರೇ ಅಳಿಸುತ್ತೇನೆ. ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದವಳು ಇನ್ನೊಂದು ಮಾತು ಸೇರಿಸಿದಳು.

"ಸೀಟಿ ಊದಿದಾಗ ಒಬ್ರಾದ್ರೂ ಎದ್ರೆ ಹಾಡು ಆಯ್ತು ಅಂತಾರೆ ಅಂಕಲ್. ಇಲ್ಲಿ ಎದ್ದಿದಾರೆ. ನೀವು ನಗದೆ ಇದ್ದಿದ್ರೆ ಅದು ಬರೀ ಕುರ್ಚಿ ಸದ್ದು."

ಇನೇಜ್ ಎದ್ದು ಅನ್ನಕ್ಕಿಟ್ಟಳು. ಊಟ ಮಾಡುವಾಗ ವೇದಾವತಿಯ ವೀಸಾ, ರೆಂಟು, ಹಿರಿಯೂರಿನಲ್ಲಿ ಯಾರಿದ್ದಾರೆ ಎಂಬುದನ್ನೆಲ್ಲ ವಿಚಾರಿಸಿದಳು; ಅವಳದೇ ಹೆಸರಿನ ನದಿ ಅಲ್ಲಿದೆ ಎಂದು ತಿಳಿದು, ನೀರುಂಟಾ ಅದರಲ್ಲಿ ಎಂದು ಕೇಳಿದಳು. ಟೇಪಿನ ಮಾತು ಬರಲಿಲ್ಲ. ಮೂರು ಗಂಟೆಗೆ ಮೆಟ್ರೊ ಸ್ಟೇಷನ್ನಿಗೆ ಕಾರಿನಲ್ಲಿ ಬಿಡಲು ಬಂದಳು. ಕಾರು ನಿಲ್ಲಿಸಿಯೂ ಬಾಗಿಲಿನ ಲಾಕ್ ತೆಗೆಯಲಿಲ್ಲ.

"ಪುಸ್ತಕದಲ್ಲಿ ಈ ಹಾಡಿಗೆ ಎಂತ ಬರೀತಿ?"

"ಮದುವೆಯೊಂದರಲ್ಲಿ ಧ್ವನಿಮುದ್ರಿತವಾದದ್ದು, 1998, ಅಂತ."

"ಗಿಟಾರ್ ಯಾರು, ಡ್ರಮ್ಸ್ ಯಾರು ಅಂತೆಲ್ಲ ಹೆಸರು ಹಾಕ್ತಿ ಅಲ್ಲವಾ?"

"ಹೂಂ."

"ಹಾಗಾದರೆ ಇದಕ್ಕೂ ಹಾಕು. ಯಾರ ಮದುವೆ, ಯಾರು ನಕ್ಕದ್ದು. ಮದುವೆಯೊಂದರಲ್ಲಿ ಅಂತ ಬರೆದರೆ ಅವರು ಮತ್ತೆ ಇಪ್ಪತ್ತೇಳು ವರ್ಷ ಪಿಸುಪಿಸು ಮಾಡ್ತಾರೆ. ಹೆಸರಿದ್ದರೆ ಹಾಕು, ಇಲ್ಲದಿದ್ದರೆ ಹಾಡೇ ಬೇಡ." ಲಾಕ್ ತೆಗೆದಳು. "ಟೇಪು ನನಗೆ ವಾಪಸು ಬೇಕಾಗಿಲ್ಲ. ಅಲ್ಲ, ಬೇಕು. ಕಳಿಸು."

ಮೆಲ್ಬರ್ನಿನಲ್ಲಿ ವೇದಾವತಿ ಆ ನಾಲ್ಕು ನಿಮಿಷವನ್ನು ಬಹಳ ತೊಳೆಯಲಿಲ್ಲ. ಟೇಪಿನ ಗುಂಯ್‌ಗುಡುವಿಕೆ ತಗ್ಗಿಸಿ, ತಟ್ಟೆಗಳನ್ನು ಇದ್ದಲ್ಲೇ ಬಿಟ್ಟಳು. ಕಿರುಪುಸ್ತಕದ ಕೊನೆಯ ಪುಟ ನೋಡಿ ಡ್ಯಾರಿಲ್, ಇದನ್ನು ಹೀಗೇ ಅಚ್ಚಿಗೆ ಕೊಡುವುದಾ ಎಂದು ಎರಡು ಸಲ ಕೇಳಿದ. ಜನ ಏನೆಂದಾರು, ಹಬ್ಬದ ದಿನ ಬೇರೆ, ಬರೀ ಹಾಡಿನ ಹೆಸರು ಸಾಕಲ್ಲ ಎಂದಳು ಜೊವಾನಿಟಾ. ವೇದಾವತಿ, ಇನೇಜ್ ಹಾಕಿದ ಷರತ್ತೇ ಅದು ಎಂದಷ್ಟೇ ಹೇಳಿ ಸ್ಪೀಕರಿನ ಗುಂಡಿ ಒತ್ತಿದಳು.

ವಿಲ್ಫಿ ಅಂಕಲ್ ಕಣ್ಣು ಮುಚ್ಚಿ ಕೂತರು. ಮೊದಲ ಚರಣದಲ್ಲಿ ಅವರ ಎಡಗೈ ಬೆರಳುಗಳು ಮೊಣಕಾಲಿನ ಮೇಲೆ ತಂತಿ ಹಿಡಿಯುತ್ತಿದ್ದವು. ಸೀಟಿ ಬಂತು. ಕುರ್ಚಿ ಕೆರೆಯಿತು. ಕಣ್ಣು ತೆರೆಯದೆಯೇ ಅವರು ಬಲಗೈಯ ತೋರುಬೆರಳನ್ನು ಮೇಲೆತ್ತಿ ಹಿಡಿದರು. ಒಂದು. ನಗು ಮುಗಿಯುವವರೆಗೂ ಬೆರಳು ಹಾಗೇ ಇತ್ತು. ಹಾಡು ಮುಗಿದ ಮೇಲೆ ಸ್ಲೇಟು ತೆಗೆದುಕೊಂಡು ಬರೆದರು: ಎರಡನೇ ತಂತಿ ಶ್ರುತಿ ಇಳಿದಿದೆ. ಅಳಿಸಿದರು. ಡ್ಯಾರಿಲ್ ಕೈಯಿಂದ ಪುಟ ಇಸಿದುಕೊಂಡು ಓದಿ, ಮತ್ತೆ ಬರೆದರು: ಹೆಸರು ಹಾಕು. ಇದನ್ನು ಅಳಿಸದೆ ಸ್ಲೇಟನ್ನು ಟೀವಿಯ ಪಕ್ಕ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದರು.

ಸೆಪ್ಟೆಂಬರಿನ ಹಬ್ಬಕ್ಕೆ ಭತ್ತದ ತೆನೆ ಸಿಗದೆ ಗೋಧಿಯ ತೆನೆ ತಂದಿದ್ದರು. ಸಿಡಿಯನ್ನು ಪಾದ್ರಿಗಳು ಬಿಡುಗಡೆ ಮಾಡಿದರು. ವೇದಾವತಿ ಹಾಲಿನ ಹಿಂದಿನ ಗೋಡೆಗೆ ಒರಗಿ ನಿಂತು, ಜನ ಪುಸ್ತಕವನ್ನು ಹಿಂದುಮುಂದು ತಿರುಗಿಸುವುದನ್ನು ನೋಡಿದಳು. ಕೆಲವರು ಕೊನೆಯ ಪುಟದಲ್ಲಿ ನಿಂತು ಪಕ್ಕದವರಿಗೆ ತೋರಿಸಿದರು. ಅಲ್ಲಿ ಇದ್ದದ್ದು ಇಷ್ಟು:

ಹನ್ನೆರಡು. ಕಡೇ ಬಸ್ಸು. ಇನೇಜ್‌ಳ ಮದುವೆಯಲ್ಲಿ, ಕಿನ್ನಿಗೋಳಿ, 1998. ಹಾಡು, ಗಿಟಾರ್, ಸೀಟಿ: ವಿಲ್ಫಿ. ಎದ್ದವರು: ಮೂಡುಬಿದಿರೆಯ ಲಾದ್ರು. ನಗು: ಇನೇಜ್.

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಯಾರದೋ ನಾಮಕರಣ ಇಳಿಯುತ್ತಿದ್ದಾಗ ಸಿಡ್ನಿಯಿಂದ ಮೆಸೇಜು ಬಂತು. ನಾಲ್ಕು ಫೋನು ಬಂದಿತ್ತಂತೆ. ಮೂವರು ಹವಾಮಾನ ಕೇಳಿದರು. ಆ ಮದುವೆಗೆ ಬಂದಿದ್ದ ಒಬ್ಬಳು ಮಾತ್ರ, ಲಾದ್ರು ಅಂಕಲ್ ಐಸ್‌ಕ್ರೀಮು ಇಟ್ಟು ಎದ್ದರಾ, ಹಿಡಿದುಕೊಂಡೇ ಎದ್ದರಾ ಎಂದು ಕೇಳಿದಳು.

ವೇದಾವತಿ ಅದನ್ನು ಅವತ್ತಿನ ತಾರೀಖಿನ ಕೆಳಗೆ ಇದ್ದ ಹಾಗೇ ಬರೆದುಕೊಂಡಳು.